ಹತ್ತನೇ ತರಗತಿಯ ಮಕ್ಕಳಿಗೆ ಒಂದು ಭಾನುವಾರ ಕೊಡಿ

ಮಾನ್ಯ ಸಂಪಾದಕರೇ,

ಲಗ್ಗೆರೆಯಲ್ಲಿ ನನ್ನದೊಂದು ಜೆರಾಕ್ಸ್ ಮತ್ತು ಸೈಬರ್ ಅಂಗಡಿ ಇದೆ. ಶುರು ಮಾಡಿ 14 ವರ್ಷ ಆಯಿತು. ಫೋಟೊ, ಲ್ಯಾಮಿನೇಶನ್, ಕರೆಂಟ್ ಬಿಲ್, ಆನ್‌ಲೈನ್ ಅರ್ಜಿ, ಎಲ್ಲ ಇಲ್ಲೇ ಆಗುತ್ತದೆ. ವರ್ಷದ ಶುರುವಿನಲ್ಲಿ ಸಿಇಟಿ, ಅಂದರೆ ವೃತ್ತಿಪರ ಕೋರ್ಸುಗಳಿಗೆ ಸೇರುವ ರಾಜ್ಯದ ಪ್ರವೇಶ ಪರೀಕ್ಷೆಯ ಅರ್ಜಿಯ ಕಾಲ. ಆಗ ನನ್ನ ಕೌಂಟರಿನ ಮುಂದೆ ನಡೆಯುವುದನ್ನು ನೋಡಿ ನೋಡಿ ಈ ಪತ್ರ ಬರೆಯುತ್ತಿದ್ದೇನೆ.

ಕಳೆದ ಬಾರಿ ಅರ್ಜಿಗೆ ಕೊನೆಯ ದಿನ. ರಾತ್ರಿ ಎಂಟೂವರೆ. ಷಟರ್ ಅರ್ಧ ಎಳೆದಿದ್ದೆ. ಗಾರ್ಮೆಂಟ್ಸ್‌ಗೆ ಹೋಗುವ ಒಬ್ಬ ತಾಯಿ ಮಗನ ಜೊತೆ ಬಗ್ಗಿ ಒಳಗೆ ಬಂದರು. ಕೈಯಲ್ಲಿ ಸೀರೆ ಅಂಗಡಿಯ ಕವರ್. ಅದರೊಳಗೆ ಮನೆಯ ಕಾಗದವೆಲ್ಲ ಇತ್ತು: ರೇಷನ್ ಕಾರ್ಡ್, ಬಾಡಿಗೆ ಕರಾರು, ತಾಯಿ ಕಾರ್ಡ್, ಮಗನ ಮಾರ್ಕ್ಸ್ ಕಾರ್ಡ್. ಜಾತಿ ಪ್ರಮಾಣಪತ್ರ ತೆಗೆದು ಕೊಟ್ಟರು. ಯಾವುದೋ ಕಾಲದ್ದು, ಕೈಬರಹದ್ದು. ಅರ್ಜಿಯಲ್ಲಿ ಕೇಳುವುದು ನಾಡಕಚೇರಿ ಕೊಡುವ ಪ್ರಮಾಣಪತ್ರದ ಆರ್‌ಡಿ ನಂಬರ್. ಅದು ಅವರ ಹತ್ತಿರ ಇರಲಿಲ್ಲ.

"ಇದೇ ಇರೋದು ಅಕ್ಕಾ, ಇಷ್ಟು ವರ್ಷ ಸ್ಕೂಲಲ್ಲಿ ಇದನ್ನೇ ತಗೊಂಡಿದ್ದಾರೆ" ಅಂದರು.

ಸರಿ, ಮೊದಲು ಹೆಸರು ನೋಂದಾಯಿಸೋಣ ಅಂತ ಕೂತೆ. ಒಟಿಪಿ ಹೋಗಿದ್ದು ಹುಡುಗನ ಮಾವನ ಫೋನಿಗೆ. ಅವರು ಹೊಳಲ್ಕೆರೆ ಹತ್ತಿರದ ಊರಲ್ಲಿ, ಫೋನ್ ಸ್ವಿಚ್ ಆಫ್. ಆ ಹುಡುಗ ಗೋಡೆ ಗಡಿಯಾರವನ್ನೇ ನೋಡುತ್ತಿದ್ದ. ತಾಯಿ ಪಕ್ಕದ ಮನೆಯವರಿಗೆ, ಅವರ ಪಕ್ಕದ ಮನೆಯವರಿಗೆ ಫೋನ್ ಮಾಡಿ ಮಾವನನ್ನು ಎಬ್ಬಿಸಿದರು. ಒಟಿಪಿ ಬಂದಾಗ ಹತ್ತು ಐವತ್ತು. ಅರ್ಜಿ ಹೋಯಿತು, ಆದರೆ ಆರ್‌ಡಿ ನಂಬರ್ ಇಲ್ಲದೆ, ಸಾಮಾನ್ಯ ವರ್ಗದಲ್ಲಿ. ತಿದ್ದುಪಡಿಗೆ ಅವಕಾಶ ಕೊಟ್ಟಾಗ ಸರಿಮಾಡಲು ಆ ತಾಯಿ ಮತ್ತೆ ಎರಡು ದಿನ ಕೆಲಸಕ್ಕೆ ರಜೆ ಹಾಕಿದರು. ಎರಡು ದಿನದ ಸಂಬಳ ಹೋಯಿತು.

ಆ ಹುಡುಗ ಚೆನ್ನಾಗಿ ಓದುವವನು. ಆ ತಾಯಿಯದೂ ತಪ್ಪಿಲ್ಲ. ಯಾವ ಕಾಗದ ಬೇಕು, ಯಾವಾಗ ಬೇಕು ಅಂತ ಅವರಿಗೆ ಯಾರೂ ಮುಂಚೆ ಹೇಳಿರಲಿಲ್ಲ, ಅಷ್ಟೇ.

ನಾನು ಹೇಳಬೇಕಾಗಿರುವುದು ಒಂದೇ ಮಾತು. ಕಾಲೇಜಿನ ಯೋಚನೆ ದ್ವಿತೀಯ ಪಿಯುಸಿಯಲ್ಲಿ ಶುರುವಾಗಬಾರದು. ಹತ್ತನೇ ತರಗತಿಯಲ್ಲಿ ಶುರುವಾಗಬೇಕು. ಅದನ್ನು ಶುರು ಮಾಡಿಸುವ ಜಾಗ ಹೈಸ್ಕೂಲು. ಸೈಬರ್ ಅಂಗಡಿ ಅಲ್ಲ.

ಇದನ್ನು ನಾನು ಕಲಿತದ್ದು ನನ್ನ ಮಗನಿಂದ. ಅವನು ಎಸ್‌ಎಸ್‌ಎಲ್‌ಸಿ ಮುಗಿಸಿದಾಗ ಎಲ್ಲರೂ ಹೇಳಿದ್ದು ಪಿಸಿಎಂಸಿ, ಅಂದರೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಕಂಪ್ಯೂಟರ್ ಸೈನ್ಸ್. ಕಂಪ್ಯೂಟರ್ ಸೈನ್ಸ್ ಇದ್ದರೆ ಕೆಲಸ ಗ್ಯಾರಂಟಿ ಅಂದರು. ನಾನೂ ಕಂಪ್ಯೂಟರ್ ಅಂಗಡಿಯವಳೇ ಅಲ್ವಾ, ಸರಿ ಅನ್ನಿಸಿತು. ಅವನನ್ನು ಕೇಳಲೂ ಇಲ್ಲ. ಮೊದಲ ಪಿಯುಸಿಯ ನವೆಂಬರ್‌ನಲ್ಲಿ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಕೃಷಿ ಮೇಳಕ್ಕೆ ಕರೆದುಕೊಂಡು ಹೋಗು ಅಂತ ಹಟ ಮಾಡಿದ. ಕುಣಿಗಲ್ ಹತ್ತಿರ ನಮ್ಮ ಮಾವನವರದು ಒಂದೂವರೆ ಎಕರೆ ಹೊಲ ಇದೆ, ರಜೆ ಬಂದರೆ ಅವನು ಅಲ್ಲೇ. ಮೇಳದಲ್ಲಿ ರಾಗಿ ತಳಿಗಳ ಮಳಿಗೆಯ ಮುಂದೆ ನಿಂತವನು ಅಲ್ಲಾಡಲಿಲ್ಲ. ಜಿಪಿಯು-28ರ ತೆನೆ ಕೈಯಲ್ಲಿ ಹಿಡಿದು, ಬೆರಳಲ್ಲಿ ಉಜ್ಜಿ ಕಾಳು ಬಿಡಿಸಿ ನೋಡಿದ. ತಾತನ ಹೊಲದ ತೆನೆಗೂ ಇದಕ್ಕೂ ಏನು ವ್ಯತ್ಯಾಸ ಅಂತ ಅಲ್ಲಿದ್ದ ವಿದ್ಯಾರ್ಥಿಯನ್ನು ಹತ್ತು ಸಲ ಕೇಳಿದ. ಕೊನೆಗೆ, "ಅಣ್ಣಾ, ಇಲ್ಲಿ ಸೇರಬೇಕಂದ್ರೆ ಏನು ಮಾಡಬೇಕು?" ಅಂದ. ಆ ಹುಡುಗ ನಗುತ್ತಾ, "ಪಿಯುಸಿಲಿ ಬಯಾಲಜಿ ಇದೆ ತಾನೆ?" ಅಂತ ಕೇಳಿದ.

ಇರಲಿಲ್ಲ. ಬಿಎಸ್ಸಿ ಅಗ್ರಿಗೆ ಜೀವಶಾಸ್ತ್ರ ಬೇಕೇ ಬೇಕು. ಸೀಟು ಸಿಇಟಿ ಮೂಲಕವೇ ಸಿಗುತ್ತದೆ, ಕೃಷಿಕರ ಮಕ್ಕಳಿಗೆ ಬೇರೆ ಕೋಟಾ ಕೂಡ ಇದೆ. ಅದೆಲ್ಲ ನನಗೆ ಗೊತ್ತಾಗಿದ್ದು ಅವತ್ತೇ. ಬಸ್ಸಿನಲ್ಲಿ ಹೆಬ್ಬಾಳ ದಾಟುವವರೆಗೂ ಅವನು ಮಾತಾಡಲಿಲ್ಲ. ಮಧ್ಯದಲ್ಲಿ ಕಾಂಬಿನೇಶನ್ ಬದಲಾಯಿಸಲು ಕಾಲೇಜಿನವರು ಒಪ್ಪಲಿಲ್ಲ. ಈಗ ಬಿಸಿಎ ಮಾಡುತ್ತಿದ್ದಾನೆ, ಚೆನ್ನಾಗಿಯೇ ಓದುತ್ತಾನೆ. ಆದರೆ ಆ ತೆನೆಯ ನಾಲ್ಕು ಕಾಳು ಇವತ್ತಿಗೂ ಅವನ ಜಾಮಿಟ್ರಿ ಬಾಕ್ಸ್‌ನಲ್ಲಿದೆ. ಹತ್ತನೇ ತರಗತಿಯಲ್ಲಿ ಒಂದು ಸಂಜೆ ಅವನ ಜೊತೆ ಕೂತು, ನಿನಗೆ ಏನು ಇಷ್ಟ ಅಂತ ಕೇಳಿದ್ದರೆ ಸಾಕಿತ್ತು.

ಪಿಸಿಎಂಬಿ (ಕಂಪ್ಯೂಟರ್ ಬದಲು ಜೀವಶಾಸ್ತ್ರ) ತೆಗೆದುಕೊಂಡರೆ ಎಂಜಿನಿಯರಿಂಗ್, ವೈದ್ಯಕೀಯ, ಕೃಷಿ ಮೂರಕ್ಕೂ ದಾರಿ ಇರುತ್ತದೆ. ಅದಕ್ಕೇ ಎಲ್ಲರೂ ಪಿಸಿಎಂಬಿ ಮಾಡಿ ಅಂತ ನಾನು ಹೇಳುತ್ತಿಲ್ಲ. ಇಷ್ಟವಿಲ್ಲದ ಮಗುವಿಗೆ ನಾಲ್ಕು ವಿಷಯವೂ ಭಾರ. ಯಾವ ಕಾಂಬಿನೇಶನ್ ತೆಗೆದುಕೊಂಡರೆ ಯಾವ ಬಾಗಿಲು ಮುಚ್ಚುತ್ತದೆ ಅನ್ನುವುದು ಸೇರುವ ಮುಂಚೆ ಗೊತ್ತಿರಬೇಕು, ಅಷ್ಟೇ. ಲಕ್ಷಗಟ್ಟಲೆ ಕೊಟ್ಟು, ಪಿಯುಸಿ ಜೊತೆಗೇ ಪ್ರವೇಶ ಪರೀಕ್ಷೆಯ ಕೋಚಿಂಗ್ ಕೊಡುವ ಇಂಟಿಗ್ರೇಟೆಡ್ ಕಾಲೇಜಿಗೆ ಸೇರಿಸುವ ಅಪ್ಪಂದಿರು ನನ್ನ ಅಂಗಡಿಗೂ ಬರುತ್ತಾರೆ. ವೈದ್ಯಕೀಯಕ್ಕೆ ಬೇಕಾದ್ದು ನೀಟ್, ಸಿಇಟಿ ಅಲ್ಲ ಅನ್ನುವುದು ಅವರಲ್ಲಿ ಕೆಲವರಿಗೆ ಗೊತ್ತಿರುವುದಿಲ್ಲ. ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿ ಅಂಕ ಅರ್ಧ, ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಇನ್ನರ್ಧ ಅಂದರೆ ಎಷ್ಟೋ ಜನ ಕಣ್ಣರಳಿಸುತ್ತಾರೆ. ಬೋರ್ಡ್ ಪರೀಕ್ಷೆ ಸುಮ್ನೆ ಪಾಸಾದರೆ ಸಾಕು ಅಂತ ಮಗನಿಗೆ ಎರಡು ವರ್ಷ ಹೇಳಿಕೊಂಡು ಬಂದಿರುತ್ತಾರೆ.

ವಿಜ್ಞಾನ ತೆಗೆದುಕೊಳ್ಳದ ಮಕ್ಕಳ ಪಾಡು ಇನ್ನೂ ಬೇಸರದ್ದು. ಅವರ ಕಡೆ ಯಾರೂ ತಿರುಗಿಯೂ ನೋಡುವುದಿಲ್ಲ. ಎರಡು ವರ್ಷದ ಹಿಂದೆ ಒಬ್ಬ ಹುಡುಗಿ ಬಂದಿದ್ದಳು. ಕಲಾ ವಿಭಾಗದಲ್ಲಿ ಒಳ್ಳೆಯ ಅಂಕ. ಲಾ ಓದಬೇಕು ಅಂತ ಆಸೆ. ರಿಸಲ್ಟ್ ಬಂದ ಮೇಲೆ ಬಂದು, "ಆಂಟಿ, ನಾಗರಭಾವಿ ಲಾ ಸ್ಕೂಲಿಗೆ ಅರ್ಜಿ ಹಾಕಿ" ಅಂದಳು. ನಮ್ಮ ಲಗ್ಗೆರೆಯಿಂದ ರಿಂಗ್ ರೋಡ್ ಹಿಡಿದರೆ ನಾಗರಭಾವಿ ಏನು ದೂರ? ಆದರೆ ಅಲ್ಲಿಗೆ ಸೇರುವ ಕ್ಲಾಟ್ ಪರೀಕ್ಷೆ ಹಿಂದಿನ ಡಿಸೆಂಬರ್‌ನಲ್ಲೇ ಮುಗಿದಿತ್ತು. ಮಕ್ಕಳು ದ್ವಿತೀಯ ಪಿಯುಸಿ ಓದುತ್ತಿರುವಾಗಲೇ ಅದು ನಡೆದುಹೋಗುತ್ತದೆ. ವಿಜ್ಞಾನ, ವಾಣಿಜ್ಯ, ಕಲೆ ಯಾವುದು ಓದಿದವರೂ ಬರೆಯಬಹುದು. ಕರ್ನಾಟಕದ ವಿದ್ಯಾರ್ಥಿಗಳಿಗೆ ಅಲ್ಲಿ ಶೇ 25ರಷ್ಟು ಸೀಟು ಮೀಸಲು ಕೂಡ ಇದೆ. ಪರೀಕ್ಷೆ ಪೂರ್ತಿ ಇಂಗ್ಲಿಷ್‌ನಲ್ಲಿ. ಉದ್ದುದ್ದ ಭಾಗ ಓದಿ ಅರ್ಥ ಮಾಡಿಕೊಂಡು ಸರಿ ಉತ್ತರ ಗುರುತಿಸಬೇಕು. ಕನ್ನಡ ಮಾಧ್ಯಮದ ಮಗು ಹತ್ತನೇ ತರಗತಿಯಿಂದ ದಿನಕ್ಕೆ ಒಂದು ಪುಟ ಇಂಗ್ಲಿಷ್ ಪತ್ರಿಕೆ ಓದಿದರೆ ಅದು ಆಗದ ಕೆಲಸ ಅಲ್ಲ. ರಿಸಲ್ಟ್ ಬಂದ ಮೇಲೆ ಗೊತ್ತಾದರೆ ಏನು ಮಾಡುವುದು? ಆ ಹುಡುಗಿಗೆ ನಾನು ಒಂದು ಲೋಟ ನೀರು ಕೊಟ್ಟೆ. ಬೇರೆ ಏನು ಕೊಡಬೇಕು ಅಂತ ಗೊತ್ತಾಗಲಿಲ್ಲ.

ಗಣಿತ ಅಂದರೆ ಪ್ರಾಣ ಅನ್ನುವ ಮಕ್ಕಳೂ ಇರುತ್ತಾರೆ. ಮೈಸೂರು ರಸ್ತೆಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಬಿ.ಮ್ಯಾತ್ ಅನ್ನುವ ಕೋರ್ಸ್ ಇದೆ. ಅದರದೇ ಪ್ರವೇಶ ಪರೀಕ್ಷೆ, ಸೇರಿದವರಿಗೆ ತಿಂಗಳಿಗೆ ಶಿಷ್ಯವೇತನ. ಇಷ್ಟು ವರ್ಷದಲ್ಲಿ ನನ್ನ ಅಂಗಡಿಯಲ್ಲಿ ಅದಕ್ಕೆ ಅರ್ಜಿ ಹಾಕಿದ್ದು ಒಬ್ಬನೇ ಹುಡುಗ.

ಪಿಯುಸಿಯೇ ಬೇಡ ಅನ್ನುವವರಿಗೂ ದಾರಿ ಇದೆ. ನಮ್ಮ ಕಡೆಯ ಅಪ್ಪಂದಿರು ಪೀಣ್ಯದಲ್ಲಿ ಲೇತ್ ಮುಂದೆ ನಿಲ್ಲುವವರು. ಟೂಲ್ ಅಂಡ್ ಡೈ (ಕಾರ್ಖಾನೆಗೆ ಬೇಕಾದ ಅಚ್ಚು, ಉಪಕರಣ ಮಾಡುವ ಕೆಲಸ) ಅಂದರೆ ಏನು ಅಂತ ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ರಾಜಾಜಿನಗರದ ಜಿಟಿಟಿಸಿ ಅನ್ನುವ ಸರ್ಕಾರಿ ತರಬೇತಿ ಕೇಂದ್ರದಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿದವರಿಗೆ ಅದೇ ವಿಷಯದಲ್ಲಿ ಡಿಪ್ಲೊಮಾ ಇದೆ ಅಂತ ಎಷ್ಟು ಜನಕ್ಕೆ ಗೊತ್ತು? ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಡಿಪ್ಲೊಮಾ ಮಾಡಿ, ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರವಾಗಿ ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ಸೇರಬಹುದು. ಡಿಪ್ಲೊಮಾ ಅಂದರೆ ದಡ್ಡರಿಗೆ ಅನ್ನುವ ಮಾತು ಕೇಳಿದರೆ ನನಗೆ ತುಂಬಾ ಬೇಜಾರಾಗುತ್ತದೆ.

ಇನ್ನು ಕಾಗದದ ವಿಷಯ. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಸಿಇಟಿ ಸೀಟುಗಳಲ್ಲಿ ಶೇ 5 ಮೀಸಲು. ಹತ್ತೂ ವರ್ಷ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15. ಶಿರಾ ಕಡೆಯಿಂದ ಏಳನೇ ತರಗತಿ ಮುಗಿಸಿ ಬೆಂಗಳೂರಿಗೆ ಬಂದ ಹುಡುಗನಿಗೆ ಗ್ರಾಮೀಣ ಕೋಟಾ ಬರುವುದಿಲ್ಲ. ಆದರೆ ಇಲ್ಲೂ ಕನ್ನಡ ಮಾಧ್ಯಮದಲ್ಲೇ ಓದಿದ್ದರೆ ಕನ್ನಡ ಕೋಟಾ ಬರುತ್ತದೆ. ಅಂಥ ಒಬ್ಬನ ಶಾಲಾ ದಾಖಲೆಯಲ್ಲಿ ಎರಡು ವರ್ಷ ಇಂಗ್ಲಿಷ್ ಮಾಧ್ಯಮ ಅಂತ ತಪ್ಪಾಗಿ ಬಿದ್ದಿತ್ತು. ಅವರಪ್ಪ ಊರಿನ ಶಾಲೆಗೂ ಬಿಇಒ ಕಚೇರಿಗೂ ನಾಲ್ಕು ಸಲ ಅಲೆದರು. ಹತ್ತನೇ ತರಗತಿಯಲ್ಲಿ ನೋಡಿಕೊಂಡಿದ್ದರೆ ಹಬ್ಬಕ್ಕೆ ಊರಿಗೆ ಹೋದಾಗ ಆಗಿಬಿಡುವ ಕೆಲಸ. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷ ಅವಧಿ ಇರುತ್ತದೆ. ಹತ್ತರಲ್ಲಿ ಮಾಡಿಸಿದರೆ ಡಿಗ್ರಿ ಸೇರುವಾಗಲೂ ನಡೆಯುತ್ತದೆ. ಎಲ್ಲಕ್ಕಿಂತ ಮುಖ್ಯ, ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನ ಹೆಸರು. ಆಧಾರ್‌ನಲ್ಲಿ ಇನಿಶಿಯಲ್ ಮುಂದೆ, ಮಾರ್ಕ್ಸ್ ಕಾರ್ಡಲ್ಲಿ ಹಿಂದೆ, ಜಾತಿ ಪ್ರಮಾಣಪತ್ರದಲ್ಲಿ ಇನಿಶಿಯಲ್ಲೇ ಇಲ್ಲ. ಇದನ್ನು ನಾನು ವಾರಕ್ಕೆ ಹತ್ತು ಸಲ ನೋಡುತ್ತೇನೆ. ಪರೀಕ್ಷೆಗೆ ನೋಂದಣಿ ಮಾಡುವಾಗ ಶಾಲೆಯವರು ಹೆಸರು ಓದಿ ಹೇಳಿ ಸಹಿ ಮಾಡಿಸಿಕೊಳ್ಳುತ್ತಾರೆ. ಅವತ್ತು ಮಗುವಿನ ಪಕ್ಕ ಅಪ್ಪನೋ ಅಮ್ಮನೋ ನಿಂತು, ಆಧಾರ್ ಎದುರಿಗಿಟ್ಟುಕೊಂಡು ಒಂದೊಂದೇ ಅಕ್ಷರ ನೋಡಬೇಕು.

ಮೇಷ್ಟ್ರುಗಳನ್ನು ನಾನು ದೂರುತ್ತಿಲ್ಲ. ಅವರ ತಲೆ ಮೇಲೆ ಫಲಿತಾಂಶದ ಭಾರ ಇದೆ. ಬೆಳಿಗ್ಗೆ ಸ್ಪೆಷಲ್ ಕ್ಲಾಸ್, ಸಂಜೆ ಸ್ಪೆಷಲ್ ಕ್ಲಾಸ್. ಆದರೂ ಪ್ರತಿ ಹೈಸ್ಕೂಲು ದಸರಾ ರಜೆಗೆ ಮುಂಚೆ ಒಂದು ದಿನ ಹತ್ತನೇ ತರಗತಿಯ ಮಕ್ಕಳನ್ನೂ ತಂದೆತಾಯಿಯನ್ನೂ ಒಟ್ಟಿಗೆ ಕೂರಿಸಲಿ. ಅದು ಭಾನುವಾರವೇ ಆಗಬೇಕು. ವಾರದ ನಡುವೆ ಹನ್ನೊಂದು ಗಂಟೆಗೆ ಸಭೆ ಇಟ್ಟರೆ ನಮ್ಮ ಕಡೆಯ ತಾಯಂದಿರು ಬರಲು ಆಗುವುದಿಲ್ಲ. ಅದೇ ಶಾಲೆಯಲ್ಲಿ ಓದಿ ಈಗ ಕಾಲೇಜಿನಲ್ಲಿರುವ ನಾಲ್ಕು ಮಕ್ಕಳನ್ನು ಕರೆಸಲಿ. ಕೃಷಿ ಓದುವವನು ಒಬ್ಬ, ಡಿಪ್ಲೊಮಾದವನು ಒಬ್ಬ, ನರ್ಸಿಂಗ್ ಹುಡುಗಿ ಒಬ್ಬಳು, ಬಿಕಾಂನವಳು ಒಬ್ಬಳು. ದೊಡ್ಡವರ ಭಾಷಣ ಬೇಡ. ಮಕ್ಕಳ ಮಾತನ್ನು ಮಕ್ಕಳು ಕೇಳುತ್ತಾರೆ.

ನಿಮ್ಮ ಪತ್ರಿಕೆಗೂ ಒಂದು ಬೇಡಿಕೆ. ಕಾಲೇಜು ಪ್ರವೇಶದ ಪುಟ ನೀವು ಏಪ್ರಿಲ್, ಮೇನಲ್ಲಿ ಹಾಕುತ್ತೀರಿ. ಅದನ್ನು ಜುಲೈನಲ್ಲೂ ಹಾಕಿ, ಹತ್ತನೇ ತರಗತಿಯವರಿಗೆ ಅಂತಲೇ. ನಾನು ಅದನ್ನು ಜೆರಾಕ್ಸ್ ಮಾಡಿ ಸುತ್ತಮುತ್ತಲ ಶಾಲೆಗಳಿಗೆ ಕೊಟ್ಟು ಬರುತ್ತೇನೆ, ದುಡ್ಡು ತೆಗೆದುಕೊಳ್ಳುವುದಿಲ್ಲ.

ಆ ಗಾರ್ಮೆಂಟ್ಸ್ ತಾಯಿಯ ಮಗಳು ಈಗ ಹತ್ತನೇ ತರಗತಿ. ಹೋದ ಭಾನುವಾರ ಇಬ್ಬರೂ ಅಂಗಡಿಗೆ ಬಂದಿದ್ದರು. ಕೈಯಲ್ಲಿ ಅದೇ ಸೀರೆ ಅಂಗಡಿಯ ಕವರ್. ಈ ಸಲ ಅದರೊಳಗೆ ಮಗಳ ಹೊಸ ಜಾತಿ ಪ್ರಮಾಣಪತ್ರ ಇತ್ತು. ಆರ್‌ಡಿ ನಂಬರನ್ನು ಆ ಹುಡುಗಿ ತನ್ನ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದುಕೊಂಡಿದ್ದಳು. ಪಕ್ಕದಲ್ಲಿ ಅಮ್ಮನ ಫೋನ್ ನಂಬರ್.

ಇಂತಿ ನಿಮ್ಮ ಓದುಗಾರ್ತಿ,
ಲಗ್ಗೆರೆ, ಬೆಂಗಳೂರು