ನಾಮಿನಿ ಆದ್ರೆ ಸಾಕಾ?

ಸಂಪಾದಕರೇ,

ಸಲಿಂಗಿಗಳ ಮದುವೆ ನಮ್ಮ ಸಂಸ್ಕೃತಿ ಅಲ್ಲ ಅನ್ನೋರು ಇದ್ದೇ ಇರ್ತಾರೆ, ಇರ್ಲಿ ಬಿಡಿ, ಆದ್ರೆ ಆಸ್ತಿಪಾಸ್ತಿ ವಿಷ್ಯ ಯಾರೂ ಮಾತಾಡಲ್ಲ. 2018ರಲ್ಲಿ ಸುಪ್ರೀಂ ಕೋರ್ಟು ಸಲಿಂಗಿಗಳ ಸಂಬಂಧ ಅಪರಾಧ ಅಂತಿದ್ದ ಸೆಕ್ಷನ್ 377ರ ಕಾಟ ತಪ್ಪಿಸ್ತು, ಆದ್ರೆ 2023ರ ಅಕ್ಟೋಬರಲ್ಲಿ ಅದೇ ಕೋರ್ಟಿನ ಐದು ಜನ ಜಡ್ಜ್‌ಗಳ ಪೀಠ ಮದುವೆಗೆ ಮಾನ್ಯತೆ ಕೊಡೋಕಾಗಲ್ಲ, ಕಾನೂನು ಮಾಡೋದು ಪಾರ್ಲಿಮೆಂಟ್ ಕೆಲಸ ಅಂದ್ಬಿಡ್ತು. ಜಾಯಿಂಟ್ ಅಕೌಂಟ್ ತೆಗೀಬಹುದು, ಸಂಗಾತಿನ ನಾಮಿನಿ ಮಾಡ್ಬಹುದು ಅಂತ 2024ರಲ್ಲಿ ಕೇಂದ್ರದ ಹಣಕಾಸು ಸಚಿವಾಲಯ ಹೇಳಿದೆ, ಒಳ್ಳೇದೇ, ಆದ್ರೆ ನಾಮಿನಿ (ಸತ್ತೋರ ದುಡ್ಡು ಕೈಗೆ ತಗೊಳ್ಳೋಕೆ ಹೆಸರು ಬರೆಸಿದೋರು ಅಷ್ಟೇ) ಬೇರೆ, ಆಸ್ತಿಗೆ ಹಕ್ಕಿರೋ ವಾರಸುದಾರ ಬೇರೆ ಅಲ್ವಾ, ವಿಲ್ ಬರೀದೇ ಒಬ್ರು ಹೋಗ್ಬಿಟ್ರೆ ಇಬ್ರೂ ಸೇರಿ ದುಡ್ಡು ಹಾಕಿದ ಫ್ಲ್ಯಾಟಿನ ಪಾಲು ಅವರ ಮನೆಯವರಿಗೆ ಹೋಗುತ್ತೆ, ಮಾತು ಬಿಟ್ಟ ಅಣ್ಣತಮ್ಮಂದಿರೂ ಪಾಲು ಕೇಳ್ಕೊಂಡು ಬರ್ಬಹುದು.

ನಮ್ಮ ಮಹಡಿ ಮನೇಲಿ ಇಬ್ರು ಹೆಣ್ಮಕ್ಕಳು ಬಾಡಿಗೆಗಿದ್ದಾರೆ. ಅವರು ಏನಾಗ್ಬೇಕು ಒಬ್ರಿಗೊಬ್ರು ಅಂತ ಬೀದಿಯವರು ನನ್ನ ಕೇಳ್ತಾರೆ, ನಾನಂತೂ ಕೇಳಿಲ್ಲ, ಬಾಡಿಗೆ ಟೈಮಿಗೆ ಬರುತ್ತೆ, ಕಾವೇರಿ ನೀರು ಬಿಟ್ಟಾಗ ಮೋಟರ್ ಆಫ್ ಮಾಡೋದು ಮರೆಯಲ್ಲ (ಹಿಂದೆ ಇದ್ದೋರು ಗಂಡ ಹೆಂಡ್ತಿನೇ, ಬಾಡಿಗೆ ಬಾಕಿ ಇಟ್ಟು ರಾತ್ರೋರಾತ್ರಿ ಖಾಲಿ ಮಾಡಿದ್ರು!).

1954ರ ವಿಶೇಷ ವಿವಾಹ ಕಾಯ್ದೆ ಇದ್ದೇ ಇದೆ, ಜಾತಿ ಧರ್ಮ ಬೇರೆ ಆದೋರು ಅದರಡಿ ರಿಜಿಸ್ಟರ್ ಆಗ್ತಾರೆ, ಅದಕ್ಕೇ ಒಂದು ತಿದ್ದುಪಡಿ ತಂದ್ರೆ ಯಾವ ಛತ್ರಕ್ಕೂ ಪುರೋಹಿತರಿಗೂ ತೊಂದ್ರೆ ಇಲ್ಲ. ತೈವಾನು ಸಲಿಂಗಿಗಳ ಮದುವೆಗೆ 2019ರಲ್ಲೇ ಕಾನೂನು ಮಾಡ್ತು, ಥಾಯ್ಲೆಂಡಲ್ಲಿ 2025ರ ಜನವರಿಯಿಂದ ಜಾರಿಲಿದೆ. ನಮ್ಮ ಬೆಂಗಳೂರಿನ ಎಂಪಿಗಳಲ್ಲಿ ಒಬ್ರಾದ್ರೂ ಇದನ್ನ ಲೋಕಸಭೇಲಿ ಎತ್ತಲಿ.

- ಒಬ್ಬ ಮನೆ ಓನರ್, ಜಯನಗರ, ಬೆಂಗಳೂರು