ನಾನು ಹೊರಟಾಗ ಊರಲ್ಲಿ ಉಳಿದವರಿಗೆ, ದಾರಿಯಲ್ಲಿ ಸಿಕ್ಕವರಿಗೆ

ಕಳೆದ ವಾರ ಮೈಸೂರಿನಲ್ಲಿ ಹೊಸ ಕೆಲಸಕ್ಕೆ ಸೇರಿದೆ. ಅಲ್ಲಿಗೆ ನನ್ನ ಪ್ರವಾಸ ಮುಗಿದ ಹಾಗೆ. ಬೆಂಗಳೂರಿನ ಕಂಪನಿಯೊಂದರಲ್ಲಿ ಅಕೌಂಟ್ಸ್ ಕೆಲಸ ಮಾಡುತ್ತಿದ್ದೆ. ಅದನ್ನು ಬಿಟ್ಟು, ಬೆನ್ನಿಗೊಂದು ಬ್ಯಾಗ್ ಹಾಕಿಕೊಂಡು ಹೊರಟೆ. ಮಲೇಷ್ಯಾದಿಂದ ಶುರುವಾಗಿ ಥಾಯ್ಲೆಂಡ್, ಲಾವೋಸ್, ವಿಯೆಟ್ನಾಂ, ಕಾಂಬೋಡಿಯಾ, ಆಮೇಲೆ ಕಜಕಸ್ತಾನ, ಉಜ್ಬೇಕಿಸ್ತಾನ, ಕೊನೆಗೆ ಕೀನ್ಯಾ. ವಾಪಸ್ ಬಂದಾಗಿನಿಂದ ಎಲ್ಲರೂ ಕೇಳುವ ಪ್ರಶ್ನೆ ಎರಡೇ. "ಒಬ್ಳೇ ಹೇಗೆ ಹೋದೆ?" "ಅಷ್ಟು ಕಡಿಮೆ ದುಡ್ಡಲ್ಲಿ ಹೇಗಾಯ್ತು?" ಎರಡಕ್ಕೂ ಉತ್ತರ ಕೆಲವು ಜನ. ಈ ಬರಹ ಅವರಿಗಾಗಿ.

ಮೊದಲು ನನ್ನ ತಮ್ಮ ಮತ್ತು ಅವನ ಹೆಂಡತಿ. ತಿಪಟೂರಿನ ಹತ್ತಿರ ನಮ್ಮದು ಸಣ್ಣ ತೆಂಗಿನ ತೋಟ. ಕೊಬ್ಬರಿ ಮಾಡುವವರ ಮನೆ ಹೇಗೆ ಅಂತ ನಮ್ಮ ಕಡೆಯವರಿಗೆ ಗೊತ್ತು. ಕಾಯಿ ಕೆಡವಿಸಿ ಅಟ್ಟಕ್ಕೆ ಹಾಕಿದರೆ ಹತ್ತಿರ ಹತ್ತಿರ ಒಂದು ವರ್ಷ ಅದು ಅಲ್ಲೇ ಒಣಗಬೇಕು. ಆಮೇಲೆ ಸುಲಿಸಬೇಕು, ಒಡೆಸಬೇಕು, ಮಾರ್ಕೆಟ್ಟಿಗೆ ಹಾಕಬೇಕು. ಪ್ರತಿ ಸಲ ಆ ಲೆಕ್ಕ ನೋಡಲು ನಾನು ಬೆಂಗಳೂರಿನಿಂದ ಹೋಗುತ್ತಿದ್ದೆ. ಈ ಸಲ ಎಲ್ಲವನ್ನೂ ಅವರಿಬ್ಬರೇ ನಿಭಾಯಿಸಿದರು. ನಾನು ಲಾವೋಸಿನಲ್ಲಿದ್ದಾಗ ಅಪ್ಪನ ಕಣ್ಣಿನ ಪೊರೆ ಆಪರೇಷನ್ ಆಯಿತು. ಮೂರು ಹೊತ್ತು ಕಣ್ಣಿಗೆ ಡ್ರಾಪ್ಸ್ ಹಾಕಿದ್ದು, ತೋಟಕ್ಕೆ ಹೋಗುತ್ತೇನೆಂದು ಎದ್ದು ನಿಲ್ಲುವ ಅಪ್ಪನನ್ನು ಕೂರಿಸಿದ್ದು ತಮ್ಮನ ಹೆಂಡತಿ. "ಅಕ್ಕ, ನೀವು ಬರೋದು ಬೇಡ, ಇಲ್ಲಿ ನಾವಿದ್ದೀವಿ" ಅಂದಳು. ಆ ಮಾತು ಹೇಳುವವರು ಮನೆಯಲ್ಲಿ ಇಲ್ಲದಿದ್ದರೆ ಯಾವ ಉಳಿತಾಯವೂ ನನ್ನನ್ನು ಅಷ್ಟು ದೂರ ಕಳಿಸುತ್ತಿರಲಿಲ್ಲ. ನಮ್ಮಲ್ಲಿ ಎಷ್ಟೋ ಜನಕ್ಕೆ ದುಡ್ಡು ಇದೆ, ಧೈರ್ಯವೂ ಇದೆ. ಮನೆಯಲ್ಲಿ ಆ ಜಾಗಕ್ಕೆ ನಿಲ್ಲುವವರಿಲ್ಲ. ಅದಕ್ಕೇ ಹೋಗಲಾಗುವುದಿಲ್ಲ. ನನಗೆ ಇದ್ದರು.

ಅಮ್ಮನ ಬಗ್ಗೆ ಏನು ಬರೆಯಲಿ? "ಹೋಗ್ ಬಾಮ್ಮ" ಅಂದಳು, ಅಷ್ಟೇ. ಮದುವೆ ವಿಷಯ ಎತ್ತಿದ ನೆಂಟರಿಗೆಲ್ಲ ಅವಳೇ ಉತ್ತರ ಕೊಟ್ಟಳು. ಒಂದು ಮಾತೂ ನನ್ನ ಕಿವಿಗೆ ಬೀಳದ ಹಾಗೆ ನೋಡಿಕೊಂಡಳು.

ಆಫೀಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹುಡುಗಿಗೆ ತುಂಬಾ ಥ್ಯಾಂಕ್ಸ್. ಅಕೌಂಟ್ಸ್‌ನಲ್ಲಿ ಇರುವವರಿಗೆ ಗೊತ್ತು, 20ನೇ ತಾರೀಖು ಬಂತೆಂದರೆ ಜಿಎಸ್‌ಟಿ ರಿಟರ್ನ್ ತುಂಬುವ ಒತ್ತಡ ಎಂಥದ್ದು ಅಂತ. ನೋಟಿಸ್ ಪೀರಿಯಡ್‌ನಲ್ಲಿ ನನ್ನ ಕೆಲಸವನ್ನೆಲ್ಲ ಅವಳು ತಾನಾಗೇ ಕಲಿತು ತೆಗೆದುಕೊಂಡಳು. ವಿದೇಶದಲ್ಲಿ ಮಾಮೂಲಿ ಕಾರ್ಡ್ ಉಜ್ಜಿದರೆ ಬ್ಯಾಂಕು ಮೂರು ಮೂರೂವರೆ ಪರ್ಸೆಂಟ್ ಮೇಲೆ ಹಾಕುತ್ತದೆ, ಆ ಚಾರ್ಜ್ ಇಲ್ಲದ ಕಾರ್ಡ್ ಮಾಡಿಸು ಅಂತ ಕೂರಿಸಿ ಹೇಳಿದವಳೂ ಅವಳೇ. ಅಷ್ಟು ತಿಂಗಳಲ್ಲಿ ಅದರಿಂದ ಉಳಿದ ದುಡ್ಡು ನನ್ನ ಕೀನ್ಯಾದ ಊಟ, ಬಸ್ಸಿಗೆ ಆಯಿತು.

ದುಡ್ಡಿನ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ವಿಮಾನ ಮತ್ತು ವೀಸಾ ಬಿಟ್ಟು ತಿಂಗಳಿಗೆ ಸುಮಾರು ಐವತ್ತು ಸಾವಿರದಲ್ಲಿ ನಡೆಸಿದೆ. ವಿಯೆಟ್ನಾಂನಲ್ಲಿ ಡಾರ್ಮಿಟರಿ ಹಾಸಿಗೆ ದಿನಕ್ಕೆ ಐನೂರು ರೂಪಾಯಿ ಆಸುಪಾಸಿಗೆ ಸಿಗುತ್ತಿತ್ತು. ರಸ್ತೆ ಬದಿ ಊಟ ನೂರು, ನೂರೈವತ್ತು. ಕಾಲವೂ ನನ್ನ ಕಡೆ ಇತ್ತು ಅನ್ನಬೇಕು. ಮಲೇಷ್ಯಾ 2023ರ ಡಿಸೆಂಬರ್‌ನಿಂದ ಭಾರತೀಯರಿಗೆ 30 ದಿನ ವೀಸಾ ಇಲ್ಲದೆ ಬಿಟ್ಟಿತು. ಥಾಯ್ಲೆಂಡ್ 2024ರ ಜುಲೈನಲ್ಲಿ ಅದನ್ನು 60 ದಿನಕ್ಕೆ ಏರಿಸಿತು. ಕಜಕಸ್ತಾನ 14 ದಿನ ಹಾಗೇ ಬಿಡುತ್ತಿತ್ತು. ವಿಯೆಟ್ನಾಂ ಇ-ವೀಸಾ 25 ಡಾಲರ್, ಉಜ್ಬೇಕಿಸ್ತಾನದ್ದು 20. ನಮ್ಮ ಪಾಸ್‌ಪೋರ್ಟ್ ಹಿಡಿದು ಯುರೋಪಿನ ವೀಸಾಕ್ಕೆ ಕಾಯುವವರ ಕಷ್ಟ ನೋಡಿದ್ದೇನೆ. ಅದಕ್ಕೇ ಬಾಗಿಲು ತೆರೆದಿರುವ ಊರುಗಳನ್ನೇ ಆರಿಸಿಕೊಂಡೆ. ಒಂದು ಚೂರೂ ಬೇಸರವಿಲ್ಲ.

ಈಗ ಚಿಕ್ಕಮ್ಮ. ಎಲ್ಲರೂ "ಸೂಪರ್", "ಎಂಜಾಯ್ ಮಾಡು" ಅನ್ನುತ್ತಿದ್ದಾಗ ಇವರೊಬ್ಬರು ಮಾತ್ರ, "ಅಲ್ಲಿ ಹುಷಾರು ತಪ್ಪಿದ್ರೆ ಆಸ್ಪತ್ರೆ ಬಿಲ್ ಯಾರು ಕಟ್ತಾರೆ?" ಅಂದರು. ಇನ್ಶೂರೆನ್ಸ್ ಕಾಗದ ತೋರಿಸುವ ತನಕ ಬಿಡಲಿಲ್ಲ. ಹಳದಿ ಜ್ವರದ ಲಸಿಕೆಯ ವಿಷಯವನ್ನೂ ಅವರೇ ಯಾರನ್ನೋ ಕೇಳಿ ತಿಳಿದುಕೊಂಡಿದ್ದರು. ಕೀನ್ಯಾದಂಥ ದೇಶಕ್ಕೆ ಹೋಗಿ ಬರುವವರಿಗೆ ಲಸಿಕೆ ಹಾಕಿಸಿಕೊಂಡಿದ್ದಕ್ಕೆ ಕೊಡುವ ಹಳದಿ ಕಾರ್ಡ್ ಇಲ್ಲದಿದ್ದರೆ ನಮ್ಮ ದೇಶಕ್ಕೆ ವಾಪಸ್ ಬರುವಾಗಲೇ ತೊಂದರೆ. ಚುಚ್ಚಿಸಿಕೊಂಡು ಹತ್ತು ದಿನ ಕಳೆದಿರಬೇಕು. ಒಮ್ಮೆ ಹಾಕಿಸಿಕೊಂಡರೆ ಜೀವನಪೂರ್ತಿ ನಡೆಯುತ್ತದೆ ಅಂತ ಬೆಂಗಳೂರಿನ ನರ್ಸ್ ಒಬ್ಬರು ಸಮಾಧಾನವಾಗಿ ವಿವರಿಸಿದರು. ಅವರಿಗೂ ನಮಸ್ಕಾರ.

ಚಿಕ್ಕಮ್ಮನ ಇನ್ಶೂರೆನ್ಸ್ ಕೆಲಸಕ್ಕೆ ಬಂದಿದ್ದು ವಿಯೆಟ್ನಾಂನ ಹೊಯ್ ಆನ್‌ನಲ್ಲಿ. ಮೊದಲು ಕಣ್ಣಿನ ಹಿಂದೆ ನೋವು, ಆಮೇಲೆ ಮೈಯೆಲ್ಲ ನೋವು, ಇಳಿಯದ ಜ್ವರ. ನಾನಿದ್ದ ಹೋಂಸ್ಟೇ ನಡೆಸುತ್ತಿದ್ದ ಅಕ್ಕ ನನ್ನ ಮುಖ ನೋಡಿದವರೇ ಸ್ಕೂಟರ್ ಹಿಂದೆ ಕೂರಿಸಿಕೊಂಡು ಕ್ಲಿನಿಕ್ಕಿಗೆ ಹೊರಟರು. ಡೆಂಗಿ. ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಮುಟ್ಟಬಾರದು, ರಕ್ತಸ್ರಾವ ಆಗಬಹುದು ಅಂತ ಡಾಕ್ಟರು ಹೇಳಿದ್ದನ್ನು ಅವರು ಫೋನಿನಲ್ಲಿ ಇಂಗ್ಲಿಷಿಗೆ ತಿರುಗಿಸಿ ನನಗೆ ತೋರಿಸಿದರು. ಅಷ್ಟು ಸಾಲದು ಅಂತ ನನ್ನ ಬ್ಯಾಗಿನಲ್ಲಿದ್ದ ಮಾತ್ರೆಗಳನ್ನೆಲ್ಲ ತೆಗೆದು ತಮ್ಮ ಹತ್ತಿರ ಇಟ್ಟುಕೊಂಡರು. ಪ್ಲೇಟ್‌ಲೆಟ್ ಇಳಿದಾಗ ಮೂವತ್ತು ಕಿಲೋಮೀಟರ್ ದೂರದ ಡಾ ನಾಂಗ್‌ಗೆ ಕರೆದುಕೊಂಡು ಹೋಗಿ ಆಸ್ಪತ್ರೆಗೆ ಸೇರಿಸಿದರು.

ಬಿಲ್ಲು ಇನ್ಶೂರೆನ್ಸ್‌ನವರು ಕಟ್ಟಿದರು. ಆದರೆ ದಿನಾ ಬೆಳಿಗ್ಗೆ ಡಬ್ಬಿಯಲ್ಲಿ ಬಂದ ಅಕ್ಕಿ ಗಂಜಿಗೆ ಯಾವ ಪಾಲಿಸಿಯಲ್ಲಿ ಜಾಗ ಇದೆ ಹೇಳಿ? ನಾನು ಮಾಂಸ ತಿನ್ನುವುದಿಲ್ಲ ಅಂತ ಅವರಿಗೆ ನೆನಪಿತ್ತು. ಅಲ್ಲಿ ಬೌದ್ಧರ ಮನೆಗಳಲ್ಲಿ ಅಮಾವಾಸ್ಯೆ, ಹುಣ್ಣಿಮೆ ಬಂದರೆ ಸಸ್ಯಾಹಾರ ಮಾಡುವ ರೂಢಿ ಇದೆ. ಆ ದಿನಕ್ಕೆಂದೇ ಇಟ್ಟಿದ್ದ ಪಾತ್ರೆಯಲ್ಲಿ ನನಗೆ ದಿನಾ ಗಂಜಿ ಕಾಯಿಸಿದರು. ಮೇಲೆ ಸ್ವಲ್ಪ ಶುಂಠಿ, ಸ್ವಲ್ಪ ಅಣಬೆ. ಒಂದು ಸಂಜೆ ನನ್ನ ಫೋನ್ ಕಿತ್ತುಕೊಂಡು ಅಮ್ಮನಿಗೆ ವಿಡಿಯೋ ಕಾಲ್ ಮಾಡಿಸಿದರು. ಅವರು ವಿಯೆಟ್ನಾಮಿ ಭಾಷೆಯಲ್ಲಿ, ಅಮ್ಮ ಕನ್ನಡದಲ್ಲಿ. ಇಬ್ಬರೂ ಹತ್ತು ನಿಮಿಷ ಮಾತಾಡಿದರು. ನಡುವೆ ನಾನು ಅನುವಾದ ಮಾಡಲು ಹೋದರೆ ಇಬ್ಬರಿಗೂ ಅದು ಬೇಕಿರಲಿಲ್ಲ. ಫೋನ್ ಇಟ್ಟ ಮೇಲೆ ಅಮ್ಮ ಚಿಕ್ಕಮ್ಮನಿಗೆ, "ಅವಳು ನೋಡ್ಕೊಳ್ತಾಳೆ ಬಿಡು" ಅಂದಳಂತೆ.

ಹುಷಾರಾದ ಮೇಲೆ ಎಷ್ಟೋ ದಿನ ಸುಸ್ತು ಬಿಡಲಿಲ್ಲ. ಹಾಗಾಗಿ ಹೊಯ್ ಆನ್‌ನಲ್ಲೇ ಉಳಿದೆ. ಆ ದಿನಗಳಲ್ಲಿ ಒಮ್ಮೆ ಅಕ್ಕನ ಮಗಳು ನನ್ನನ್ನು ಮೀ ಸನ್‌ಗೆ ಕರೆದೊಯ್ದಳು. ಅಲ್ಲಿಂದ ಸುಮಾರು ನಲವತ್ತು ಕಿಲೋಮೀಟರ್. ಹಿಂದೆ ಆ ಭಾಗವನ್ನು ಆಳಿದ ಚಂಪಾ ರಾಜರು 4ನೇ ಶತಮಾನದಿಂದ 13ನೇ ಶತಮಾನದ ತನಕ ಕಟ್ಟಿಸಿದ ಶಿವನ ದೇವಸ್ಥಾನಗಳು, ಸುತ್ತ ಬೆಟ್ಟ. ಅರಳಗುಪ್ಪೆಯ ಕಲ್ಲಿನ ದೇವಸ್ಥಾನ ನೋಡಿ ಬೆಳೆದ ನನಗೆ ಈ ಇಟ್ಟಿಗೆಯ ಗೋಪುರಗಳು ಹೊಸದು. ಇಟ್ಟಿಗೆಗಳ ನಡುವೆ ಗಾರೆಯೇ ಕಾಣುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಗೋಪುರ 1969ರಲ್ಲಿ ಅಮೆರಿಕದ ಬಾಂಬಿಗೆ ಬಿದ್ದುಹೋಗಿದೆ. ಯುದ್ಧ ಮುಗಿದ ಮೇಲೆ ಪೋಲೆಂಡಿನ ವಾಸ್ತುಶಿಲ್ಪಿ ಕಾಜಿಮಿಯೆಜ್ ಕ್ವಿಯಾಟ್ಕೋವ್ಸ್ಕಿ ಇಲ್ಲಿಗೆ ಬಂದು, ಉಳಿದ ಗೋಡೆಗಳನ್ನು ನಿಲ್ಲಿಸಲು ವರ್ಷಗಟ್ಟಲೆ ದುಡಿದರು. 1997ರಲ್ಲಿ ವಿಯೆಟ್ನಾಂನಲ್ಲೇ ತೀರಿಕೊಂಡರು. ಹೊಯ್ ಆನ್‌ನಲ್ಲಿ ಅವರ ಸ್ಮಾರಕ ಇದೆ. ಆಮೇಲೆ 2017ರಿಂದ ನಮ್ಮ ಭಾರತೀಯ ಪುರಾತತ್ತ್ವ ಇಲಾಖೆಯವರು ಅಲ್ಲಿನ ಕೆಲಸಗಾರರ ಜೊತೆ ಸೇರಿ ಕೆಲವು ಗುಡಿಗಳನ್ನು ಸರಿಪಡಿಸಿದ್ದಾರೆ. 2020ರಲ್ಲಿ ಮಣ್ಣು ತೆಗೆಯುವಾಗ 9ನೇ ಶತಮಾನದ ಮರಳುಗಲ್ಲಿನ ಶಿವಲಿಂಗ ಸಿಕ್ಕಿತು. ನಾನು ಅದನ್ನು ನೋಡಿದೆ. ಬಿಸಿಲಲ್ಲಿ ಕೂತು ಇಟ್ಟಿಗೆ ಉಜ್ಜಿ ಜೋಡಿಸಿದ ಆ ಕೆಲಸಗಾರರ ಹೆಸರು ಯಾವ ಬೋರ್ಡಿನಲ್ಲೂ ನನಗೆ ಕಾಣಲಿಲ್ಲ. ಅವರಿಗೂ ಇಲ್ಲಿಂದಲೇ ಕೈ ಮುಗಿಯುತ್ತೇನೆ.

ಲಾವೋಸ್ ಬಗ್ಗೆ ಬರೆಯಲು ಹೊರಟರೆ ಮುಗಿಯುವುದಿಲ್ಲ. ಹುವಾಯ್ ಸಾಯ್‌ನಿಂದ ಲುವಾಂಗ್ ಪ್ರಬಾಂಗ್‌ಗೆ ಮೆಕಾಂಗ್ ನದಿಯಲ್ಲಿ ಎರಡು ದಿನದ ದೋಣಿ ಪ್ರಯಾಣ. ರಾತ್ರಿ ಪಾಕ್ ಬೆಂಗ್ ಅನ್ನುವ ಊರಿನಲ್ಲಿ ತಂಗುತ್ತಾರೆ. ದೋಣಿ ಓಡಿಸುವವರ ಮನೆಮಂದಿ ದೋಣಿಯ ಹಿಂಭಾಗದಲ್ಲೇ ಅಡುಗೆ ಮಾಡಿಕೊಂಡು ಇರುತ್ತಾರೆ. ಅವರ ಅಜ್ಜಿ ಒಬ್ಬರು ಚಳಿ ಗಾಳಿಗೆ ನಡುಗುತ್ತಿದ್ದ ನನಗೆ ಕಂಬಳಿ ಕೊಟ್ಟು, ಇಳಿಯುವ ತನಕ ವಾಪಸ್ ಕೇಳಲಿಲ್ಲ. ಅಲ್ಲಿಂದ ವಿಯೆಂಟಿಯಾನ್‌ಗೆ ಮಾತ್ರ ರೈಲು ಹಿಡಿದೆ. 2021ರಲ್ಲಿ ಶುರುವಾದ ಚೀನಾ ರೈಲು, ಎರಡು ಗಂಟೆಯಲ್ಲಿ ಮುಟ್ಟಿಸುತ್ತದೆ. ಮೊದಲು ಬಸ್ಸಿನಲ್ಲಿ ಇಡೀ ದಿನ ಬೇಕಿತ್ತಂತೆ. ಅಪ್ಪನ ಆಪರೇಷನ್ ದಿನ ನಾನು ಆ ರೈಲಿನಲ್ಲಿದ್ದೆ. ಎಲ್ಲ ಸರಿ ಹೋಯಿತು ಅಂತ ತಮ್ಮ ಫೋನ್ ಮಾಡಿದಾಗ ಕಣ್ಣೀರು ಬಂತು. ಪಕ್ಕದ ಸೀಟಿನ ಹೆಂಗಸು ಏನೂ ಕೇಳದೆ ನನ್ನ ಕೈ ಹಿಡಿದುಕೊಂಡು ಕೂತರು.

ಉಜ್ಬೇಕಿಸ್ತಾನದಲ್ಲಿ ತಾಷ್ಕೆಂಟಿನಿಂದ ಖೀವಾಗೆ ರಾತ್ರಿ ರೈಲು. ಪ್ಲಾಟ್ಸ್‌ಕಾರ್ಟ್ ಅಂತಾರೆ, ನಮ್ಮ ಸ್ಲೀಪರ್ ಕ್ಲಾಸಿನ ಹಾಗೇ ಬಾಗಿಲಿಲ್ಲದ ಬೋಗಿ. ಎದುರಿನ ಬರ್ತಿನ ಅಜ್ಜಿ ದೊಡ್ಡ ರೊಟ್ಟಿ ಮುರಿದು ಎಲ್ಲರಿಗೂ ಹಂಚಿದರು. ನನ್ನ ಪಾಲನ್ನು ನಾನು ಮೇಜಿನ ಮೇಲೆ ಮಗುಚಿ ಇಟ್ಟಿದ್ದೆ. ಅಜ್ಜಿ ಮೆಲ್ಲಗೆ ಅದನ್ನು ನೆಟ್ಟಗೆ ತಿರುಗಿಸಿದರು. ಅಲ್ಲಿ ರೊಟ್ಟಿಯನ್ನು ಬೋರಲು ಹಾಕಿದರೆ ಅನ್ನಕ್ಕೆ ಅವಮಾನ. ಒಂದು ಮಾತೂ ಆಡದೆ ತಿದ್ದಿ, ಮತ್ತೊಂದು ಚೂರು ಕೊಟ್ಟರು, ಜೊತೆಗೆ ಕರಬೂಜ. ಆ ಮರ್ಯಾದೆ ನನಗೆ ತುಂಬಾ ಇಷ್ಟವಾಯಿತು. ಬೋಗಿಯ ಅಟೆಂಡರ್ ಅಮ್ಮನೂ ಹಾಗೇ. ನಾನು ಒಬ್ಬಳೇ ಅಂತ ಗೊತ್ತಾದ ಮೇಲೆ ರಾತ್ರಿ ಎರಡು ಸಲ ಬಂದು ನೋಡಿಕೊಂಡು ಹೋದರು.

ಕೊನೆಗೆ ಕೀನ್ಯಾ. ನೈರೋಬಿಯಿಂದ ಮೊಂಬಾಸಾಕ್ಕೆ ಹೊಸ ರೈಲಿದೆ, ಎಕಾನಮಿ ಟಿಕೆಟ್ 1,500 ಶಿಲಿಂಗ್. ಹೋಗುವಾಗ ಅದರಲ್ಲೇ ಹೋದೆ. ವಾಪಸ್ ಬರುವಾಗ ಬೇಕೆಂದೇ ಬಸ್ ಹಿಡಿದೆ, ಯಾಕೆಂದರೆ ದಾರಿಯಲ್ಲಿ ಮಕಿಂಡು ಇದೆ. ನೈರೋಬಿಯಿಂದ ಸುಮಾರು 160 ಕಿಲೋಮೀಟರ್ ಈಚೆ ಇರುವ ಸಣ್ಣ ಊರು. 1896ರಲ್ಲಿ ಬ್ರಿಟಿಷರು ಮೊಂಬಾಸಾದಿಂದ ರೈಲು ಹಾದಿ ಹಾಕಲು ಶುರು ಮಾಡಿದಾಗ ನಮ್ಮ ದೇಶದಿಂದ 30 ಸಾವಿರಕ್ಕೂ ಹೆಚ್ಚು ಕೂಲಿಗಳನ್ನು ಕರೆದೊಯ್ದರು, ಪಂಜಾಬಿನವರೇ ಜಾಸ್ತಿ. ಸುಮಾರು 2,500 ಜನ ಅಲ್ಲೇ ಸತ್ತರು. ಆಮೇಲೆ ಆ ರೈಲ್ವೆಯಲ್ಲಿ ಕೆಲಸ ಮಾಡುತ್ತಿದ್ದ ಸಿಖ್ಖರು 1926ರಲ್ಲಿ ಮಕಿಂಡುವಿನಲ್ಲಿ ಗುರುದ್ವಾರ ಕಟ್ಟಿದರು. ಇವತ್ತಿಗೂ ಆ ಹೆದ್ದಾರಿಯಲ್ಲಿ ಹೋಗುವ ಯಾರಿಗೇ ಆದರೂ ಅಲ್ಲಿ ಊಟ ಉಚಿತ, ರಾತ್ರಿ ತಂಗಲು ಜಾಗವೂ ಇದೆ. ಲಾರಿ ಡ್ರೈವರು, ಪ್ರವಾಸಿ, ಮಕ್ಕಳನ್ನು ಕಟ್ಟಿಕೊಂಡು ಊರಿಗೆ ಹೋಗುವವರು, ಎಲ್ಲರೂ ಒಂದೇ ಸಾಲಿನಲ್ಲಿ ಕೂತು ದಾಲ್, ಚಪಾತಿ ತಿಂದೆವು. ಬಡಿಸಿದವರಲ್ಲಿ ಕೀನ್ಯಾದವರೂ ಇದ್ದರು, ಪಂಜಾಬಿಗಳೂ ಇದ್ದರು. ಎಷ್ಟು ದಿನ ಇರ್ತೀರಿ, ಯಾವ ಧರ್ಮ ಅಂತ ಯಾರೂ ಕೇಳಲಿಲ್ಲ. ಸುಮ್ನೆ ಇನ್ನೊಂದು ಚಪಾತಿ ಹಾಕಿದರು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯಲು ಬಿಟ್ಟರು. ಆ ರೈಲು ಹಾದಿಗೆ ಬೆವರು, ಜೀವ ಕೊಟ್ಟವರನ್ನು ನೆನೆಯುತ್ತ ತೊಳೆದೆ. ಇಡೀ ಪ್ರವಾಸದಲ್ಲಿ ನನಗೆ ಅತಿ ಹೆಚ್ಚು ಬೇಕಾದ ಊರು ಅದು.

ವಾಪಸ್ ಬಂದ ಮೇಲಿನ ಋಣವೂ ಸಣ್ಣದಲ್ಲ. ಪಿಜಿ ಆಂಟಿ ನನ್ನ ಮೂರು ಡಬ್ಬ ಸಾಮಾನನ್ನು ಅಷ್ಟು ದಿನ ತಮ್ಮ ರೂಮಿನಲ್ಲಿ ಇಟ್ಟುಕೊಂಡಿದ್ದರು, ಬಾಡಿಗೆ ಕೊಡಲು ಹೋದರೆ ಬೈದರು. ಹಳೆಯ ಮ್ಯಾನೇಜರ್ ಸರ್ ಹೊಸ ಕಂಪನಿಯವರಿಗೆ ತಾವೇ ಫೋನ್ ಮಾಡಿ ನನ್ನ ಬಗ್ಗೆ ಒಳ್ಳೆಯ ಮಾತು ಹೇಳಿದ್ದರು. ನಾನು ರಾಜೀನಾಮೆ ಕೊಟ್ಟ ದಿನವೂ ಅವರು, "ಹೋಗಿ ಬನ್ನಿ, ಕೆಲಸ ಮತ್ತೆ ಸಿಗುತ್ತೆ" ಅಂದಿದ್ದರು. ಸರ್, ಸಿಕ್ಕಿತು. ಸಂಬಳ ಮೊದಲಿಗಿಂತ ಸ್ವಲ್ಪ ಕಡಿಮೆ, ಆದರೆ ತಿಪಟೂರಿಗೆ ಹೋಗಿ ಬರಲು ವಾರಕ್ಕೆ ಎರಡು ದಿನ ರಜೆ ಇದೆ. ಈ ಸಲ ಕೊಬ್ಬರಿ ಲೆಕ್ಕ ಪೂರ್ತಿ ನನ್ನದು, ತಮ್ಮನಿಗೆ ಹೇಳಿದ್ದೇನೆ. ಅವನೂ ಅವನ ಹೆಂಡತಿಯೂ ಬೇಸಿಗೆಯಲ್ಲಿ ಎಲ್ಲಿಗಾದರೂ ಹೋಗಿ ಬರಲಿ. ಟಿಕೆಟ್ ನಾನು ಮಾಡಿಸುತ್ತೇನೆ, ಅಪ್ಪ ಅಮ್ಮನ ಜೊತೆ ನಾನಿರುತ್ತೇನೆ.

ಇನ್ನೊಂದು ಸುದ್ದಿ. ಹೊಯ್ ಆನ್‌ನ ಅಕ್ಕ ಮತ್ತು ಅವರ ಮಗಳು ಸಂಕ್ರಾಂತಿಗೆ ನಮ್ಮೂರಿಗೆ ಬರುತ್ತಿದ್ದಾರೆ. ಏನು ಅಡುಗೆ ಮಾಡುವುದು ಅಂತ ಅಮ್ಮ ಈಗಿನಿಂದಲೇ ಕೇಳುತ್ತಿದ್ದಾಳೆ. ಹಿತಕಿದ ಅವರೆಬೇಳೆ ಸಾರು ಅಂತ ಸದ್ಯಕ್ಕೆ ತೀರ್ಮಾನ ಆಗಿದೆ. ಚಿಕ್ಕಮ್ಮ ಬರುತ್ತಾರೆ, ಪಿಜಿ ಆಂಟಿಗೂ ಹೇಳಿದ್ದೇನೆ. ಇದನ್ನು ಓದುತ್ತಿರುವ ಸ್ನೇಹಿತರು ನೀವೂ ಬನ್ನಿ. ಹಿಂದಿನ ದಿನವೇ ಬಂದರೆ ಇನ್ನೂ ಒಳ್ಳೆಯದು, ಅಷ್ಟು ಜನಕ್ಕೆ ಅವರೆ ಹಿತಕಲು ತುಂಬಾ ಕೈಗಳು ಬೇಕಾಗುತ್ತವೆ.