ಮಗನಿಗೆ ಬಿಟ್ಟುಹೋಗೋ ಹಾಗಿಲ್ಲದ ಪಾಳೆಪಟ್ಟು

ಮಗಾ,

ನೀನು ಮೊನ್ನೆ ಕಳಿಸಿದ ವಿಡಿಯೋ ನೋಡ್ದೆ ಕಣೋ, 2023ರ ಚಾರ್ಲ್ಸ್ ಪಟ್ಟಾಭಿಷೇಕದ್ದು. "ರಾಜನ ಬಲಗಡೆಗೇ ಅಂಟ್ಕೊಂಡು ನಿಂತಿದಾನಲ್ಲ ಆ ಪಾದ್ರಿ, ಯಾರೋ ಅವ್ನು, ಬಾಡಿಗಾರ್ಡಾ" ಅಂತ ಕೇಳಿದ್ದೆ. ವಾಟ್ಸಾಪಲ್ಲಿ ಎರಡು ಲೈನ್ ಟೈಪ್ ಮಾಡಿ ಅಳಿಸಿಬಿಟ್ಟೆ, ಯಾಕಂದ್ರೆ ಅದು ಎರಡು ಲೈನಲ್ಲಿ ಮುಗಿಯೋ ಕಥೆ ಅಲ್ಲ, ಆಮೇಲೆ ನಾನು ಒಂದು ವರ್ಷ ಓದಿದ್ದು ಅದೇ ಊರಲ್ಲಿ, ಹಂಗಾಗಿ ಕೇಳಿದ ತಪ್ಪಿಗೆ ಪೂರ್ತಿ ಕೇಳು.

ಅವರು ಆಗಿನ ಡರಮ್ ಬಿಷಪ್ಪು, ಡರಮ್ ಅಂದ್ರೆ ಇಂಗ್ಲೆಂಡಿನ ಈಶಾನ್ಯದ ಒಂದು ಊರು. (ಸ್ಪೆಲಿಂಗಲ್ಲಿ ಹ ಇದೆ, ಬಾಯಲ್ಲಿ ನುಂಗ್ಬಿಡ್ತಾರೆ. ನಾನು ಮೊದಲ ವಾರ ಪೂರ್ತಿ ಡರ್ಹಾಮ್ ಡರ್ಹಾಮ್ ಅಂತ ಹೇಳ್ಕೊಂಡು ಓಡಾಡಿದ್ದೆ.) ಪಟ್ಟಾಭಿಷೇಕದಲ್ಲಿ ಬಲಗಡೆ ಡರಮ್ ಬಿಷಪ್ಪು, ಎಡಗಡೆ ಬಾತ್ ಅಂಡ್ ವೆಲ್ಸ್ ಬಿಷಪ್ಪು. 1189ರಲ್ಲಿ ಒಂದನೇ ರಿಚರ್ಡ್‌ಗೆ ಪಟ್ಟ ಕಟ್ಟಿದಾಗಿಂದ ಬಂದಿರೋ ಪದ್ಧತಿ ಇದು. ಆದ್ರೆ ಬಾಡಿಗಾರ್ಡ್ ಅಂದ್ಯಲ್ಲ, ಅದು ಪೂರ್ತಿ ತಪ್ಪೇನಲ್ಲ ನೋಡು. ಹೆಚ್ಚುಕಮ್ಮಿ ಐನೂರು ವರ್ಷ ಆ ಸೀಟಿನ ಕೆಲ್ಸ ಅದೇ ಆಗಿತ್ತು, ರಾಜನ ಮೈಗಲ್ಲ, ರಾಜ್ಯದ ಉತ್ತರದ ಬಾಗಿಲಿಗೆ.

ಶುರುವಾಗೋದು ಒಬ್ಬ ಸಂತನಿಂದ. ಕತ್‌ಬರ್ಟ್ ಅಂತ, ಲಿಂಡಿಸ್‌ಫಾರ್ನ್ ದ್ವೀಪದ ಬಿಷಪ್ಪು ಆಗಿದ್ದೋರು, 687ರಲ್ಲಿ ತೀರ್ಕೊಂಡ್ರು. 793ರಲ್ಲಿ ವೈಕಿಂಗ್‌ಗಳು ಆ ದ್ವೀಪದ ಮೇಲೆ ಬಿದ್ರು, ಕಾಟ ತಡೆಯಕ್ಕಾಗ್ದೆ 875ರಲ್ಲಿ ಅಲ್ಲಿನ ಸನ್ಯಾಸಿಗಳು ಸಂತನ ಶವಪೆಟ್ಟಿಗೆ ಹೆಗಲ ಮೇಲೆ ಹೊತ್ಕೊಂಡು ಊರೂರು ಅಲೆದ್ರು. ನೂರಿಪ್ಪತ್ತು ವರ್ಷ ಆದ್ಮೇಲೆ 995ರಲ್ಲಿ ಡರಮ್‌ಗೆ ಬಂದು ನೆಲೆ ನಿಂತ್ರು. ಜಾಗ ಹೇಗಿದೆ ಅಂದ್ರೆ ವಿಯರ್ ನದಿ ಮೂರು ಕಡೆ ಸುತ್ತಿ ಹರಿಯುತ್ತೆ, ನಡುವೆ ಗುಡ್ಡ, ಕೋಟೆ ಕಟ್ಟೋನಿಗೆ ದೇವರೇ ಕಂದಕ ತೋಡಿಕೊಟ್ಟ ಹಾಗೆ. ಸುತ್ತಲಿನ ಜಮೀನೆಲ್ಲ ಸಂತನ ಹೆಸರಿಗೆ, ಅಲ್ಲಿನ ಜನ "ಸಂತನ ಜನ". ಬಿಷಪ್ಪು ಅಂದ್ರೆ ಆ ಸಂತನ ಪರವಾಗಿ ಆಸ್ತಿ ನೋಡ್ಕೊಳ್ಳೋನು, ಅಷ್ಟೇ.

1066ರಲ್ಲಿ ಫ್ರಾನ್ಸ್ ಕಡೆಯಿಂದ ನಾರ್ಮನ್ನರು ಬಂದು ಇಂಗ್ಲೆಂಡ್ ಗೆದ್ರು. ವಿಲಿಯಂ ರಾಜನಿಗೆ ಉತ್ತರ ಅಂದ್ರೆ ತಲೆನೋವು, ಲಂಡನ್ನಿಂದ ದೂರ, ಆಚೆಗೆ ಸ್ಕಾಟ್ಲೆಂಡ್, ಅಲ್ಲಿ ಯಾರನ್ನ ಕೂರಿಸಿದ್ರೂ ಒಂದೋ ದಂಗೆ ಏಳ್ತಾರೆ ಇಲ್ಲಾ ಸಾಯ್ತಾರೆ. ಕೊನೆಗೆ 1071ರಲ್ಲಿ ಲೊರೇನ್‌ನಿಂದ ಬಂದ ವಾಲ್ಚರ್ ಅನ್ನೋನನ್ನ ಬಿಷಪ್ಪು ಮಾಡಿದ, ಕೆಲವು ವರ್ಷ ಆದ್ಮೇಲೆ ನಾರ್ತಂಬ್ರಿಯಾದ ಅರ್ಲ್ ಪದವಿನೂ, ಅಂದ್ರೆ ಆ ಉತ್ತರ ಸೀಮೆ ಆಳೋ ಅಧಿಕಾರನೂ, ಅವನ ಕೈಗೇ ಕೊಟ್ಟ. ಒಂದೇ ತಲೆಗೆ ಎರಡು ಟೋಪಿ. ಪಾಪ, ಮನುಷ್ಯ ಕೆಟ್ಟೋನಲ್ಲ ಅನ್ಸುತ್ತೆ ಆದ್ರೆ ಜೊತೆಗಿದ್ದೋರು ಸರಿ ಇರ್ಲಿಲ್ಲ, ಅವನ ಕಡೆಯೋರೇ ಸ್ಥಳೀಯ ಮುಖಂಡನೊಬ್ಬನ್ನ ಮನೆಯೋರ ಸಮೇತ ಕೊಂದ್ರು. 1080ರಲ್ಲಿ ಗೇಟ್ಸ್‌ಹೆಡ್‌ನಲ್ಲಿ ರಾಜಿ ಪಂಚಾಯ್ತಿ ಅಂತ ಸೇರಿದಾಗ ಜನ ಚರ್ಚಿಗೇ ಬೆಂಕಿ ಇಟ್ಟು, ಹೊರಗೆ ಬಂದ ಬಿಷಪ್ಪನ್ನ ಕಡಿದು ಹಾಕಿದ್ರು.

ಇಷ್ಟಾದ್ರೂ ರಾಜರು ಆ ಐಡಿಯಾ ಬಿಡ್ಲಿಲ್ಲ, ಇಲ್ಲೇ ಇರೋದು ನೋಡು ಮಜಾ. ಗಡಿಯಲ್ಲಿ ಒಬ್ಬ ಪಾಳೇಗಾರನ್ನ ಕೂರಿಸಿದ್ರೆ ಅವನ ಮಗ, ಮೊಮ್ಮಗ, ಮೂರನೇ ತಲೆಗೆ ರಾಜನ ಎದುರಿಗೇ ತೊಡೆ ತಟ್ತಾರೆ. ಬಿಷಪ್ಪಿಗೆ ಮದುವೆ ಇಲ್ಲ. ಅವನು ಸತ್ರೆ ಸೀಟು ಖಾಲಿ, ಮುಂದಿನವನು ಯಾರು ಅನ್ನೋದು ಹೆಚ್ಚಾಗಿ ರಾಜನ ಇಷ್ಟದಂತೇ ನಡೀತಿತ್ತು, ಮಧ್ಯದಲ್ಲಿ ಬರೋ ಆದಾಯನೂ ರಾಜನ ಖಜಾನೆಗೆ. ಮಕ್ಕಳೇ ಇರ್ಲಿಲ್ಲ ಅಂತ ಅಲ್ಲ ಮತ್ತೆ! ಹ್ಯೂ ಡಿ ಪ್ಯುಸೆಟ್ ಅಂತ 1153ರಿಂದ 1195ರವರೆಗೆ ಇದ್ದ ಬಿಷಪ್ಪಿಗೆ ಗಂಡು ಮಕ್ಕಳಿದ್ರು, ಒಬ್ಬ ಮಗ ಫ್ರಾನ್ಸ್ ರಾಜನ ಚಾನ್ಸಲರ್ ಆಗಿದ್ದ. ಆದ್ರೆ ಅಪ್ಪನ ಕುರ್ಚಿ ಮೇಲೆ ಹಕ್ಕು ಮಾತ್ರ ಇಲ್ಲ. ಇಷ್ಟು ಬುದ್ಧಿವಂತಿಕೆಯ ಅಗ್ರಿಮೆಂಟ್ ನಾನು ಬೇರೆ ಎಲ್ಲೂ ಓದಿಲ್ಲ ಕಣೋ.

ಹಂಗಾಗಿ ಕೊಡೋದನ್ನ ಧಾರಾಳವಾಗೇ ಕೊಟ್ರು. ಸ್ವಂತ ಕೋರ್ಟು, ಸ್ವಂತ ಜಡ್ಜ್‌ಗಳು, ಸ್ವಂತ ಖಜಾನೆ, ಸ್ವಂತ ಟಂಕಸಾಲೆ. ಬೆಳ್ಳಿ ಪೆನ್ನಿ ಅಚ್ಚು ಹಾಕ್ತಿದ್ರು, ಅದರಲ್ಲಿ ಬಿಷಪ್ಪಿನ ಗುರುತೂ ಇರ್ತಿತ್ತು. ಕೊಲೆಗಾರನಿಗೆ ಕ್ಷಮೆ ಕೊಡೋ ಅಧಿಕಾರ ಕೂಡ ಬಿಷಪ್ಪಿಗೇ. ಹೊರಗೆ ರಾಜನಿಗೆ ಏನೇನಿದೆಯೋ ಒಳಗೆ ಬಿಷಪ್ಪಿಗೂ ಅದೆಲ್ಲ ಇದೆ ಅಂತ ಲ್ಯಾಟಿನ್‌ನಲ್ಲಿ ಒಂದು ಮಾತೇ ಇದೆ. ವಿಲಿಯಂ ರಾಜ ದೇಶದ ಜಮೀನಿಗೆಲ್ಲ ಮಾಡಿಸಿದ 1086ರ ಡೂಮ್ಸ್‌ಡೇ ಲೆಕ್ಕದಲ್ಲೂ ಡರಮ್ ಇಲ್ಲ, ನೂರು ವರ್ಷ ಆದ್ಮೇಲೆ, 1183ರಲ್ಲಿ, ಇದೇ ಪ್ಯುಸೆಟ್ ತನ್ನ ಜಮೀನು ಗೇಣಿ ಎಲ್ಲ ಲೆಕ್ಕ ಹಾಕಿಸಿ ಬೋಲ್ಡನ್ ಬುಕ್ ಅಂತ ಮಾಡಿಸ್ದ.

ಇವರೆಲ್ಲರಿಗಿಂತ ದೊಡ್ಡ ದರ್ಬಾರು ಅಂದ್ರೆ ಆಂಟನಿ ಬೆಕ್‌ದು, 1284ರಿಂದ 1311. ಇಂಗ್ಲೆಂಡಲ್ಲಿ ಇಬ್ಬರು ರಾಜರು, ಒಬ್ಬ ಕಿರೀಟ ಹಾಕಿದೋನು, ಇನ್ನೊಬ್ಬ ಕಿರೀಟದ ಬದಲು ಬಿಷಪ್ಪಿನ ಟೋಪಿ ಹಾಕಿದೋನು ಅಂತ ಅವನ ಪಾರುಪತ್ತೇಗಾರನೇ ಹೇಳ್ಕೊಂಡು ಓಡಾಡ್ತಿದ್ದ. ಸ್ಕಾಟ್ಲೆಂಡ್ ಮೇಲೆ ಯುದ್ಧಕ್ಕೆ ಬೆಕ್ ತಾನೇ ದಂಡು ಕಟ್ಕೊಂಡು ಹೋಗ್ತಿದ್ದ. ಆದ್ರೆ ಅವನ ಪ್ರಜೆಗಳು ಅವನಿಗಿಂತ ಖಿಲಾಡಿಗಳು, ನಾವು ಸಂತನ ಜನ, ಟೈನ್ ಮತ್ತೆ ಟೀಸ್ ನದಿ ದಾಟಿ ಯುದ್ಧ ಮಾಡೋದು ನಮ್ಮ ಕರಾರಲ್ಲಿ ಇಲ್ಲ ಅಂತ ವಾಪಸ್ ಬಂದ್ಬಿಟ್ರು! ಇದು ಓದಿದಾಗ ಲೈಬ್ರರಿಯಲ್ಲಿ ಜೋರಾಗಿ ನಕ್ಕು ಪಕ್ಕದವಳ ಕೈಲಿ ಶ್ ಅನ್ನಿಸ್ಕೊಂಡಿದ್ದೆ.

ಬೆಕ್ ಕಟ್ಟಿಸಿದ ಗ್ರೇಟ್ ಹಾಲ್ ಇದೆಯಲ್ಲ ಕೋಟೆ ಒಳಗೆ, ಅದೀಗ ಕಾಲೇಜಿನ ಊಟದ ಹಾಲ್. ನಾನೂ ಉಂಡಿದ್ದೀನಿ ಅಲ್ಲಿ, ಉಪ್ಪುಖಾರ ಇಲ್ಲದ ಆಲೂಗಡ್ಡೆ. ಎದುರಿಗೇ ಕಥೀಡ್ರಲ್, 1093ರಲ್ಲಿ ಶುರು ಮಾಡಿದ್ದು. ಒಳಗೆ 14ನೇ ಶತಮಾನದ ಹ್ಯಾಟ್‌ಫೀಲ್ಡ್ ಬಿಷಪ್ಪಿನ ಸಿಂಹಾಸನ ಇದೆ, ಮೆಟ್ಟಿಲು ಹತ್ತಿ ಕೂರಬೇಕು, ಅದರ ಕೆಳಗೇ ಅವನ ಸಮಾಧಿ. ರೋಮಿಗೆ ಆಳು ಕಳಿಸಿ ಪೋಪ್ ಕುರ್ಚಿ ಎತ್ತರ ಅಳೆಸಿ ಅದಕ್ಕಿಂತ ಎತ್ತರ ಕಟ್ಟಿಸ್ದ ಅಂತ ಊರ ಕಥೆ. ನಿಜಾನೋ ಸುಳ್ಳೋ, ಆ ಕುರ್ಚಿ ನೋಡಿದ್ರೆ ನಂಬ್ತೀಯ.

ಇಳಿಜಾರು ಶುರುವಾಗಿದ್ದು ಎಂಟನೇ ಹೆನ್ರಿಯಿಂದ. ಅದಕ್ಕೆ ಮುಂಚೆ ವುಲ್ಸಿ ಅಂತ ಕಾರ್ಡಿನಲ್ ಆರು ವರ್ಷ ಡರಮ್ ಬಿಷಪ್ಪು ಆಗಿದ್ದ, ಒಂದು ದಿನಾನೂ ಆ ಕಡೆ ತಲೆ ಹಾಕ್ಲಿಲ್ಲ, ಆದಾಯ ಮಾತ್ರ ಬೇಕಿತ್ತು. 1536ರಲ್ಲಿ ಹೆನ್ರಿ ಕಾನೂನು ತಂದು, ಇನ್ಮೇಲೆ ಕೋರ್ಟಿನ ಆಜ್ಞೆ ಎಲ್ಲ ರಾಜನ ಹೆಸರಲ್ಲೇ, ಕ್ಷಮೆನೂ ರಾಜನೇ ಕೊಡೋದು ಅಂದ. ಆಮೇಲೆ ಚರ್ಚಿನೋರಿಗೆ ಮದುವೆ ಮಾಡ್ಕೊಳ್ಳಕ್ಕೆ ಬಿಟ್ರು, 1603ರಲ್ಲಿ ಸ್ಕಾಟ್ಲೆಂಡ್ ರಾಜನೇ ಇಂಗ್ಲೆಂಡಿಗೂ ರಾಜ ಆದ. ಅಂದ್ರೆ ಕಾಯೋಕೆ ಶತ್ರುನೂ ಇಲ್ಲ, ಹಳೇ ಅಗ್ರಿಮೆಂಟಿನ ಕಂಡೀಷನ್ನೂ ಇಲ್ಲ. ಆದ್ರೂ ಠೀವಿ ಇಳೀಲಿಲ್ಲ, ನಡುವೆ ರಾಜನನ್ನೇ ತೆಗೆದುಹಾಕಿದ ಕ್ರಾಮ್ವೆಲ್ ಕಾಲದಲ್ಲಿ ಹುದ್ದೆನೇ ರದ್ದಾಗಿ 1660ರಲ್ಲಿ ವಾಪಸ್ ಬಂದ್ಮೇಲೂ ಅಷ್ಟೇ. ಆ ಕ್ರಾಮ್ವೆಲ್ ಕಾಲ ಒಂದು ಬಿಟ್ರೆ 1670ರ ದಶಕದವರೆಗೂ ಡರಮ್‌ನಿಂದ ಪಾರ್ಲಿಮೆಂಟಿಗೆ ಎಂಪಿನೇ ಇರ್ಲಿಲ್ಲ, ನಮ್ಮ ಬಿಷಪ್ಪು ಇದಾರಲ್ಲ ಮತ್ಯಾಕೆ ಅಂತ ವಾದ.

ಪೂರ್ತಿ ಮುಗಿದಿದ್ದು ವ್ಯಾನ್ ಮಿಲ್ಡರ್ಟ್ ಅನ್ನೋ ಬಿಷಪ್ಪಿನ ಕಾಲಕ್ಕೆ. 1830ರ ಹೊತ್ತಿಗೆ ಜನಕ್ಕೆ ಶ್ರೀಮಂತ ಬಿಷಪ್ಪುಗಳನ್ನ ಕಂಡ್ರೆ ಉರಿ, ಡರಮ್ ಸೀಟಿಗೋ ಕಲ್ಲಿದ್ದಲ ದುಡ್ಡು ಬೇರೆ. ಬೇರೆಯೋರು ಕಿತ್ಕೊಳ್ಳೋ ಮುಂಚೆ ನಾವೇ ಒಳ್ಳೆ ಕೆಲ್ಸಕ್ಕೆ ಕೊಡೋಣ ಅಂತ 1832ರಲ್ಲಿ ಯೂನಿವರ್ಸಿಟಿ ಶುರು ಮಾಡಿದ್ರು. ದಾನ ಅಂತಾರೆ, ಅರ್ಧ ಭಯ ಅಂತ ನಾನಂತೀನಿ. 1836ರಲ್ಲಿ ಅವರು ತೀರ್ಕೊಂಡ ತಕ್ಷಣ ಉಳಿದ ರಾಜಾಧಿಕಾರ ಎಲ್ಲ ಕಿರೀಟಕ್ಕೆ ವಾಪಸ್, ಕೋಟೆ ಯೂನಿವರ್ಸಿಟಿಗೆ, ಮುಂದಿನ ಬಿಷಪ್ಪಿಗೆ ವರ್ಷಕ್ಕೆ 8,000 ಪೌಂಡು ಗೊತ್ತು ಮಾಡಿದ್ರು. ಟಂಕಸಾಲೆ ಇಟ್ಕೊಂಡಿದ್ದೋರು ಸಂಬಳಕ್ಕೆ ಬಂದ್ರು.

ನಂಗೆ ನಿಜವಾಗ್ಲೂ ಇಷ್ಟ ಆಗೋದು ಆಮೇಲೆ ಬಂದೋರು. ವೆಸ್ಟ್‌ಕಾಟ್ ಅಂತ ಒಬ್ರು, 1892ರಲ್ಲಿ ಗಣಿ ಕಾರ್ಮಿಕರ ಮುಷ್ಕರ ತಿಂಗಳುಗಟ್ಟಲೆ ನಡೀತಿದ್ದಾಗ ಮಾಲೀಕರನ್ನೂ ಕಾರ್ಮಿಕರನ್ನೂ ತಮ್ಮ ಆಕ್‌ಲಂಡ್ ಅರಮನೆಗೇ ಕರೆಸಿ ರಾಜಿ ಮಾಡಿಸಿದ್ರು. ಅವರ ಮಕ್ಕಳು ಮಿಷನರಿಗಳಾಗಿ ನಮ್ಮ ದೇಶಕ್ಕೆ ಬಂದಿದ್ರು, ಫಾಸ್ ವೆಸ್ಟ್‌ಕಾಟ್ ಅನ್ನೋ ಮಗ ಕಲ್ಕತ್ತಾದ ಬಿಷಪ್ಪು ಆದ್ರು. 1984ರಲ್ಲಿ ಬಂದ ಡೇವಿಡ್ ಜೆಂಕಿನ್ಸ್ ಇನ್ನೊಂಥರ. ಕನ್ಯೆ ಹೆತ್ತಿದ್ದು, ಸತ್ತೋನು ಎದ್ದಿದ್ದು ಇದನ್ನೆಲ್ಲ ಅಕ್ಷರಶಃ ತಗೋಬೇಕಿಲ್ಲ ಅನ್ನೋ ಥರ ಮಾತಾಡಿ ಗಲಾಟೆ ಎಬ್ಬಿಸಿದ್ರು, ಯಾರ್ಕ್ ಮಿನ್‌ಸ್ಟರ್ ಅನ್ನೋ ದೊಡ್ಡ ಚರ್ಚಲ್ಲಿ ಅವರ ದೀಕ್ಷೆ ಆಗಿ ಮೂರೇ ದಿನಕ್ಕೆ ಆ ಕಟ್ಟಡಕ್ಕೆ ಬೆಂಕಿ ಬಿತ್ತು, ಸಿಡಿಲು ಹೊಡೆದದ್ದು ಅಂತ ಎಲ್ಲರ ಬಾಯಲ್ಲಿ. ದೇವರಿಗೇ ಸಿಟ್ಟು ಬಂತು ಅಂದ್ರು ಜನ. ಆ ಮನುಷ್ಯ ಹೆದರ್ಲಿಲ್ಲ, ಪದವಿ ಸ್ವೀಕಾರದ ಉಪದೇಶದಲ್ಲೇ ಗಣಿ ಮುಷ್ಕರದ ಮಾತೆತ್ತಿ ಸರ್ಕಾರಕ್ಕೂ ಬಿಸಿ ಮುಟ್ಟಿಸಿದ್ರು.

ಈಗೇನು ಉಳಿದಿದೆ ಅಂದ್ರೆ, ಹೌಸ್ ಆಫ್ ಲಾರ್ಡ್ಸ್‌ನಲ್ಲಿ, ಅಂದ್ರೆ ಅಲ್ಲಿನ ಪಾರ್ಲಿಮೆಂಟಿನ ಮೇಲ್ಮನೆಯಲ್ಲಿ, ಬಿಷಪ್ಪುಗಳ 26 ಸೀಟಲ್ಲಿ ಒಂದು ಡರಮ್‌ಗೆ ಖಾಯಂ, ನೀನು ವಿಡಿಯೋದಲ್ಲಿ ನೋಡಿದ ಆ ಬಲಗಡೆ ಜಾಗ, ಮತ್ತೆ ಒಂದು ಕತ್ತಿ. ಕಾನ್ಯರ್ಸ್ ಅನ್ನೋ ವೀರ ಸಾಕ್‌ಬರ್ನ್ ಊರಲ್ಲಿ ಒಂದು ಡ್ರ್ಯಾಗನ್ ಕೊಂದ ಕತ್ತಿಯಂತೆ. ಆ ಮನೆತನದೋರು ಹೊಸ ಬಿಷಪ್ಪು ಬಂದಾಗೆಲ್ಲ ಟೀಸ್ ನದಿ ಹತ್ರ ಹೋಗಿ ಕತ್ತಿ ಒಪ್ಪಿಸ್ಬೇಕಿತ್ತು, ಜಮೀನು ಅನುಭವಿಸೋಕೆ ಅದೇ ಗೇಣಿ. 1826ರಲ್ಲಿ ನಿಂತುಹೋಗಿದ್ದನ್ನ ಜೆಂಕಿನ್ಸ್ ಕಾಲಕ್ಕೆ ಮತ್ತೆ ಶುರು ಮಾಡಿದ್ರು. ಕ್ರಾಫ್ಟ್ ಸೇತುವೆ ಮೇಲೆ ಒಪ್ಪಿಸ್ತಾರೆ, ಬಿಷಪ್ಪು ಕತ್ತಿ ಕೈಗೆ ತಗೊಂಡು, ಕೊಟ್ಟೋರಿಗೆ ಆಯುಸ್ಸು ಆರೋಗ್ಯ ಹಾರೈಸಿ, ಅಲ್ಲೇ ವಾಪಸ್ ಕೊಟ್ಬಿಡ್ತಾರೆ.

ಕತ್ತಿ ಕಥೀಡ್ರಲ್ ಮ್ಯೂಸಿಯಮ್ಮಲ್ಲಿದೆ, ನನ್ನ ಹತ್ರ ಫೋಟೋ ಇತ್ತು, ಹಳೇ ಫೋನಲ್ಲಿ ಹುಡುಕಿ ಕಳಿಸ್ತೀನಿ. ಅಮ್ಮಂಗೆ ಕೇಳ್ದೆ ಅಂತ ಹೇಳು.

ನಿನ್ನ
ಹಳೇ ಬೆಂಚ್‌ಮೇಟು